ಸೋಸಿದ ಪೆಟ್ರೋಲ್

“ಪೆಟ್ರೋಲಿಗೆ ನೀರು ಎಲ್ಲಿ ಬೆರೆಸ್ದೆ, ಬೊಗಳೋ!”

ಧರ್ಮಪಾಲನ ಮನೆಯಂಗಳದಲ್ಲಿ ಮರುಳಪ್ಪ ತನ್ನ ಡ್ರೈವರ್ ಹುಚ್ಚಣ್ಣನ ಕತ್ತಿನಪಟ್ಟಿ ಹಿಡಿದಿದ್ದ. ಪೆಟ್ರೋಲ್ ಸಾಗಿಸಿದ ಬಾಡಿಗೆ ಜೀಪು ಮರುಳಪ್ಪನದು. ಮಾನ ಹೋದದ್ದೂ ಅವನದೇ.

“ನನ್ನ ಮಕ್ಕಳಾಣೆಗೂ ಮುಚ್ಚಳ ಬಿಚ್ಚಿಲ್ಲ ಕಣಣ್ಣಾ. ಈ ಜಗಲಿ ಮ್ಯಾಲಿದ್ದ ಕ್ಯಾನ್ ಎತ್ಕೊಂಡೆ, ಬಸ್ತಿಹಳ್ಳೀಲಿ ಇಳಿಸ್ದೆ. ಅಷ್ಟೇಯ!”

ಯುರೋಪಿನಿಂದ ಹೊರಟ ಕಾರ್ ರೇಸು, ಹತ್ತಾರು ದೇಶ ದಾಟಿ ಈ ರಸ್ತೆಗೆ ಬಂದಿತ್ತು. ಅಬ್ಬಾ, ಒಂದು ಕಾರಿಗೆ ಅದೇನು ಉಪಚಾರ! ಟೈರು ಹಡಗಿನಲ್ಲಿ, ಮೆಕ್ಯಾನಿಕ್ ವಿಮಾನದಲ್ಲಿ, ಪೆಟ್ರೋಲ್ ಪೀಪಾಯಿ ಗೂಡ್ಸ್ ರೈಲಿನಲ್ಲಿ ಅರಸೀಕೆರೆಗೆ. ಆ ಖರ್ಚಿಗೆ ಇಡೀ ಹಳೇಬೀಡನ್ನೇ ಕೊಳ್ಳಬಹುದಿತ್ತು ಎಂದು ಜನ ಬಾಯಿ ಬಿಟ್ಟಿದ್ದರು.

ಅಲ್ಲಿಂದ ಹಳೇಬೀಡಿಗೆ ತಂದ ಪೀಪಾಯಿ ಕಾಯುವ ಹೊಣೆ ಬಸದಿ ಪಕ್ಕದ ವ್ಯಾಪಾರಿ ಧರ್ಮಪಾಲನದು. ಬಿಳಿಯ ಮೆಕ್ಯಾನಿಕ್ ಅವನ ಕೈಗೆ ಮೆತ್ತನೆಯ ಹಳದಿ ತೊಗಲೊಂದನ್ನು ಕೊಟ್ಟಿದ್ದ. ಇದರಲ್ಲಿ ಸೋಸಿದರೆ ಪೆಟ್ರೋಲ್ ಮಾತ್ರ ಇಳಿಯುತ್ತದೆ, ನೀರಿದ್ದರೆ ಮೇಲೆಯೇ ನಿಲ್ಲುತ್ತದೆ ಎಂದು ತೋರಿಸಿಯೂ ಇದ್ದ. ಧರ್ಮಪಾಲನಿಗೆ ಅವಸರ. ತೊಗಲನ್ನು ಜಗಲಿಯ ಮೇಲಿಟ್ಟು, “ಸೋಸಿ ಕ್ಯಾನಿಗೆ ತುಂಬಿಡು” ಎಂದು ಹೆಂಡತಿ ಶೀಲಾವತಿಗೆ ಕೂಗಿ ಹೇಳಿ, ಕಾರನ್ನು ಎದುರುಗೊಳ್ಳಲು ಬೇಲೂರಿಗೆ ಓಡಿದ್ದ.

ಬಸ್ತಿಹಳ್ಳಿಯಲ್ಲಿ ಆ ಕ್ಯಾನಿನಿಂದ ಕಾರಿನ ಟ್ಯಾಂಕು ತುಂಬಿತು. ಜಾವಗಲ್ಲು ಸೇರುವ ಮೊದಲೇ ಕಾರು ಕೆಮ್ಮಿ ಕೆಮ್ಮಿ ನಿಂತಿತು. ಬಿಚ್ಚಿ ನೋಡಿದರೆ ಪೈಪಿನ ತುಂಬ ನೀರು! ಬಿಳಿಯರು ಕಾರನ್ನು ಲಾರಿಗೆ ಹೇರಿಕೊಂಡು, ಯಾರನ್ನೂ ಮಾತಾಡಿಸದೆ ಹೊರಟುಹೋದರು.

“ಧರ್ಮಪಾಲಯ್ಯನೋರೇ, ನೀವೇ ಹೇಳಿ” ಎಂದ ಮರುಳಪ್ಪ.

“ನಮ್ಮನೇಲಿ ನೀರನ್ನೂ ಸೋಸದೆ ಕುಡಿಯಲ್ಲ ಕಣಪ್ಪ. ಆಮೇಲಿಂದು ನಂಗೊತ್ತಿಲ್ಲ.”

ಅಷ್ಟು ಸಾಕಾಯಿತು. ಮರುಳಪ್ಪ ಜಾಕಿಯ ಕಬ್ಬಿಣದ ಸರಳು ಎತ್ತಿಕೊಂಡ.

“ಕೈಗೆ ಬ್ಯಾಡ ಕಣಣ್ಣಾ! ಸ್ಟೇರಿಂಗ್ ಹಿಡಿಯೋ ಕೈ, ನನ್ನ ಮಕ್ಳ ಅನ್ನ ಐತೆ ಅದ್ರಾಗೆ!”

ಹಿಂಸೆಯನ್ನು ನೋಡಲಾರದ ಧರ್ಮಪಾಲ ಮುಖ ಅತ್ತ ತಿರುಗಿಸಿಕೊಂಡ. ಪುಣ್ಯಾತ್ಮ! ಕಿವಿ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಮೂಳೆ ಮುರಿದ ಮೇಲೆ ಹುಚ್ಚಣ್ಣ ಒಪ್ಪಿಕೊಂಡ. ಪೆಟ್ರೋಲ್ ಕದ್ದು ಮಾರಿದ್ದೂ ನಾನೇ, ನೀರು ಹುಯ್ದದ್ದೂ ನಾನೇ ಎಂದ.

“ನೋಡಿದ್ರಾ, ಏಟಿಗೆ ಬಾಯಿ ಬಂತು!” ಮರುಳಪ್ಪ ಸರಳು ಎಸೆದು ಜೀಪು ಹತ್ತಿದ. ನೆರೆದಿದ್ದವರು ಕಳ್ಳನ ಮೇಲೆ ಉಗಿದು ಚದುರಿದರು. ಹುಚ್ಚಣ್ಣನ ಬೆರಳುಗಳು ಇನ್ನು ಮಡಚುವಂತಿರಲಿಲ್ಲ.

ಒಳಗಿಂದ ಶೀಲಾವತಿ ಓಡಿ ಬಂದಳು. ಬಾವಿಕಟ್ಟೆಯ ಮೇಲಿದ್ದ ದಪ್ಪ ಬಿಳಿ ಬಟ್ಟೆಯನ್ನು ಬಿಂದಿಗೆಯಲ್ಲಿ ಅದ್ದಿ, ತೊಟ್ಟಿಕ್ಕುತ್ತಿದ್ದ ಹಾಗೆಯೇ ಅವನ ಕೈಗೆ ಸುತ್ತತೊಡಗಿದಳು.

“ಅಯ್ಯೋ, ಕಳ್ಳನಾದ್ರೇನು, ಜೀವ ಅಲ್ವೇ! ಹೆದರಬೇಡ ಕಣಪ್ಪ, ಶುದ್ಧವಾದ ಬಟ್ಟೆ. ಆ ಹಾಳು ತೊಗಲನ್ನ ನಾನು ಮುಟ್ತೀನಾ? ಆವತ್ತು ಪೆಟ್ರೋಲ್ ಸೋಸಿದ್ದೂ ಇದರಲ್ಲೇ, ಹೀಗೇ ನೀರಲ್ಲಿ ಅದ್ಕೊಂಡು.”