ಹೆಣ್ಣು ಮಂಗಟ್ಟೆಯ ಕೆಲಸ

ಸಮುದ್ರದ ನಡುವಿನ ಬೆಂಕಿಗುಡ್ಡದಲ್ಲಿ ಮಂಗಟ್ಟೆ ಹಕ್ಕಿಗಳೆಲ್ಲ ಸತ್ತ ಮೇಲೆ ಅವುಗಳ ಕೆಲಸಕ್ಕೆ ಮನುಷ್ಯರನ್ನು ನೇಮಿಸಿದ್ದರು. ಮಾದೇವಿಯದು ಹೆಣ್ಣು ಮಂಗಟ್ಟೆಯ ಕೆಲಸ. ಅತ್ತಿ ಕಾಯಿ ಕಟ್ಟುವ ಕಾಲಕ್ಕೆ ಅವಳು ಆ ಹಕ್ಕಿಯ ಹಾಗೆ ದೊಡ್ಡ ಮರದ ಪೊಟರೆ ಹೊಕ್ಕು, ಒಂದು ಸೀಳು ಬಿಟ್ಟು ಉಳಿದುದಕ್ಕೆಲ್ಲ ಒಳಗಿನಿಂದ ಬೂದಿಮಣ್ಣು ಮೆತ್ತಿ ಕೂರಬೇಕು. ಗೂಡು ಖಾಲಿಯಿದ್ದರೆ ಗುಡ್ಡದ ಅತ್ತಿಯೆಲ್ಲ ಹಣ್ಣಾಗದೆ ಉದುರುತ್ತಿತ್ತು.

ಗಂಡು ಮಂಗಟ್ಟೆಯ ಕೆಲಸ ಜಟ್ಟಯ್ಯನದು. ಸಂಜೆ ಅವಳು ಮಂಗಟ್ಟೆಯ ಕೂಗು ಹಾಕಿದರೆ ಏಣಿ ಹತ್ತಿ ಬಂದು ಸೀಳಿನಿಂದ ಅವಲಕ್ಕಿ, ಹಣ್ಣು ಕೊಡುತ್ತಿದ್ದ. "ನಿಮ್ದಾಯ್ತಾ ಊಟ?" ಎಂದು ಕೇಳುತ್ತಿದ್ದಳು. ಇಡೀ ದಿನಕ್ಕೆ ಅವಳಾಡುವ ಮಾತು ಅಷ್ಟೇ.

ಮೊನ್ನೆ ಅವನು ಏಣಿ ಹತ್ತಲಿಲ್ಲ. ಕೆಳಗೇ ನಿಂತು ಕೂಗಿದ:

"ಎದೆ ಹಿಡ್ಕಂಡದೆ ಮಾರಾಯ್ತಿ. ದೋಣಿ ಬಂದದೆ, ದಡಕ್ಕೆ ಹೋಗ್ತೆ. ನನ್ನ ಜಾಗಕ್ಕೆ ಯಾರೂ ಇಲ್ಲ. ಗೋಡೆ ಒಡ್ಕಂಡು ಬಂದ್ಬಿಡು."

"ನಾ ಬಂದ್ರೆ ಹಣ್ಣೆಲ್ಲ ಹೋಗ್ತದೆ. ನೀವು ಹೋಗಿ, ಹುಷಾರಾಗಿ ಬನ್ನಿ."

ಆಮೇಲೆ ಗುಡ್ಡದ ಹೊಟ್ಟೆಯೊಳಗಿನ ಗುಡುಗು ಬಿಟ್ಟರೆ ಬೇರೆ ಸದ್ದಿಲ್ಲ. ಡಬ್ಬಿಯ ತಳದ ಅವಲಕ್ಕಿಯೂ ಮುಗಿಯಿತು. ಇವತ್ತು ಸಂಜೆ ಹಸಿವು ತಾಳದೆ ಅವಳು ಗೋಡೆಗೆ ಕತ್ತಿ ಇಟ್ಟಳು. ಒಡೆಯುವ ಮೊದಲು, ಬರೀ ಅಭ್ಯಾಸಕ್ಕೆ, ಸೀಳಿಗೆ ಬಾಯಿಟ್ಟು ಮಂಗಟ್ಟೆಯ ಕೂಗು ಹಾಕಿದಳು.

ಭರಭರನೆ ರೆಕ್ಕೆಯ ಸದ್ದು ಬಂತು. ಏಣಿ ಅಲುಗಲಿಲ್ಲ. ಹಳದಿ ಕೊಕ್ಕೊಂದು ಸೀಳಿನಲ್ಲಿ ತೂರಿ ಅವಳ ಅಂಗೈಗೆ ಅತ್ತಿಹಣ್ಣು ಹಾಕಿತು. ಅಲ್ಲಲ್ಲಿ ಗರಿ ಕಳೆದುಕೊಂಡ ಮುದಿ ಗಂಡು ಮಂಗಟ್ಟೆ. ಹಾರಿಹೋಗದೆ, ಸೀಳಿಗೆ ಕಣ್ಣಿಟ್ಟು ಒಳಗೆ ನೋಡುತ್ತ ಕೂತಿತು.

ಮಾದೇವಿ ಕತ್ತಿ ಕೆಳಗಿಟ್ಟಳು.

"ನಿಮ್ದಾಯ್ತಾ ಊಟ?" ಎಂದಳು.