ಕಡಲಜ್ಜಿಯ ದೂರು

ಸ್ನಾನದ ಮನೆಯ ಚಿಲಕ ಹಾಕಿಕೊಂಡು ಚಿತ್ರಗಾರ ಅಜ್ಜಿಯಾದ.

ಅದೇನು ದೊಡ್ಡ ಕೆಲಸವಲ್ಲ. ಫೋನಿನಲ್ಲಿ ತನ್ನ ಖಾತೆಯಿಂದ ಹೊರಬಂದು ‘ಕಡಲಜ್ಜಿ’ ಎಂಬ ಖಾತೆಗೆ ಹೊಕ್ಕರೆ ಆಯಿತು. ಗಂಡ ಹೆಂಡತಿ ಸೇರಿ ಮನೆಯಿಂದಲೇ ನಡೆಸುತ್ತಿದ್ದ ಆನ್‌ಲೈನ್ ಮೀನುಗಾರಿಕೆ ಆಟಕ್ಕೆ ಚಿತ್ರ ಅವನದು, ಕೋಡ್ ಅವಳದು. ಆಟಗಾರರ ದೂರುಗಳಿಗೆ ಆಟದ ಹೆಸರಿನಲ್ಲಿ ಉತ್ತರ ಕೊಡುವವಳೂ ಅವಳೇ. ಆಟಗಾರರು ಹೇಳಿದ್ದು ಅವಳಿಗೆ ವೇದವಾಕ್ಯ. ಗಂಡ ಹೇಳಿದ್ದು ಕಿವಿಗೇ ಬೀಳುತ್ತಿರಲಿಲ್ಲ.

ಈಗಿನ ತಲೆನೋವು ಬಿರುಗಾಳಿ. ಅವಳು ತಿಂಗಳುಗಟ್ಟಲೆ ಕೂತು, ಮುದ್ದು ಮಾಡಿ ಮಾಡಿ ಬರೆದ ಬಿರುಗಾಳಿ. ಅದು ಬೀಸಿದರೆ ದೋಣಿ ಮಗುಚಿ, ಅಲ್ಲಿಯವರೆಗೆ ಹಿಡಿದ ಮೀನೆಲ್ಲ ನೀರುಪಾಲು. ಕೆಲಸ ಮುಗಿಸಿ ಹಾಯಾಗಿ ಗಾಳ ಹಾಕಲು ಬರುತ್ತಿದ್ದ ಜನ ಬೈಯಲೂ ಇಲ್ಲ, ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿದ್ದರು. ಹೀಗೇ ಹೋದರೆ ಆಟ ಮುಚ್ಚಬೇಕಿತ್ತು. ಇಬ್ಬರೂ ಮತ್ತೆ ಇನ್ಯಾರದೋ ಕೈಕೆಳಗೆ ದುಡಿಯಬೇಕಿತ್ತು.

ಊಟದ ಹೊತ್ತಿನಲ್ಲಿ ಒಮ್ಮೆ ಬಾಯಿಬಿಟ್ಟಿದ್ದ. “ಬಿರುಗಾಳಿ ಸ್ವಲ್ಪ ಅತಿಯಾಯ್ತೇನೋ.”

“ನೀವು ಬಣ್ಣ ಹಚ್ಚಿ ಸಾಕು,” ಎಂದಿದ್ದಳು. ಆಮೇಲೆ ಆ ಮನೆಯಲ್ಲಿ ತಟ್ಟೆ ಲೋಟಗಳಷ್ಟೇ ಮಾತಾಡಿದವು.

ಅಜ್ಜಿ ಮಾತ್ರ ಅವಳ ಅಚ್ಚುಮೆಚ್ಚು. ಅಕ್ಷರ ಚಿಕ್ಕದಾಯಿತೆಂದು ಅಜ್ಜಿ ಗೊಣಗಿದಾಗ ಅದೇ ದಿನ ಉತ್ತರ ಬಂದಿತ್ತು: ‘ದೊಡ್ಡದು ಮಾಡಿದ್ದೇವೆ ಅಜ್ಜಿ. ಆದರೂ ಕನ್ನಡಕ ಒರೆಸಿಕೊಂಡು ಆಡಿ.’ ಗಾಳದ ಸದ್ದು ಕರ್ಕಶವೆಂದಾಗ: ‘ಬದಲಾಯಿಸಿದ್ದೇವೆ ಅಜ್ಜಿ. ತಣ್ಣನೆ ನೆಲದ ಮೇಲೆ ಅಷ್ಟು ಹೊತ್ತು ನಿಲ್ಲಬೇಡಿ, ಸೊಂಟ ಹಿಡಿದೀತು.’ ಮುಖ ನೋಡದ ಮುದುಕಿಯ ಮೇಲೆ ಎಷ್ಟೊಂದು ಅಕ್ಕರೆ. ಚಿತ್ರಗಾರನಿಗೆ ನಗುವೂ ಬಂದಿತ್ತು, ಸ್ವಲ್ಪ ಹೊಟ್ಟೆಯುರಿಯೂ ಆಗಿತ್ತು.

ಒದ್ದೆ ನೆಲದ ಮೇಲೆ ನಿಂತು, ಕನ್ನಡಕ ಹಣೆಗೇರಿಸಿ ಟೈಪ್ ಮಾಡಿದ: ‘ಮಗಳೇ, ನಿನ್ನ ಬಿರುಗಾಳಿ ಚೆಂದ ಇದೆ. ಆದರೆ ನಾನು ಬರೋದು ಮೀನು ಹಿಡಿಯೋಕೆ, ಮುಳುಗೋಕಲ್ಲ. ಅದು ಇರೋ ತನಕ ನಾನು ಬರಲ್ಲ.’

ಹೊರಗೆ ಬಂದಾಗ ಅವಳು ಪರದೆ ನೋಡುತ್ತ ಕೂತಿದ್ದಳು. ಮೂಗು ಕೆಂಪಾಗಿತ್ತು.

“ಏನಾಯ್ತು?”

“ಅಜ್ಜಿ ಬಿಟ್ಟು ಹೋಗ್ತಾರಂತೆ.”

“ಹೋದ್ರೆ ಹೋಗ್ಲಿ ಬಿಡು. ಒಬ್ಬ ಮುದುಕಿ ತಾನೆ?”

“ಹಾಗನ್ಬೇಡಿ,” ಎಂದಳು, ಅವನನ್ನೇ ನೋಡುತ್ತ. “ಆ ಅಜ್ಜಿ ಇಲ್ದೆ ನನ್ನ ಕೈಲಿ ಈ ಆಟ ನಡೆಸೋಕೆ ಆಗಲ್ಲ.”

ಇಂಥ ಪಾಪದವಳಿಗೆ ಮೋಸ ಮಾಡುವುದೇ? ಇವತ್ತೇ ನಿಜ ಹೇಳಿಬಿಡುವುದೆಂದು ತೀರ್ಮಾನಿಸಿದ. ಆದರೆ ಧೈರ್ಯ ಸಾಲಲಿಲ್ಲ. “ಅಂಗಡಿ ತನಕ ಹೋಗ್ಬರ್ತೀನಿ,” ಎಂದು ಮೆಟ್ಟಿಲಿಳಿದ.

ದಾರಿಯುದ್ದಕ್ಕೂ ಮಾತು ಜೋಡಿಸಿದ. ‘ನೋಡು, ಕೋಪ ಮಾಡ್ಕೋಬೇಡ’ ಎಂಬಲ್ಲಿಂದ ಮುಂದೆ ಹೋಗಲು ಆಗಲೇ ಇಲ್ಲ. ಅಂಗಡಿಯ ಮುಂದೆ ನಿಂತಾಗ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಕಡಲಜ್ಜಿಗೆ ಉತ್ತರ ಬಂದಿತ್ತು.

‘ಬಿರುಗಾಳಿ ತೆಗೆದೆ ಅಜ್ಜಿ, ಅತ್ತುಕೊಂಡೇ ತೆಗೆದೆ. ಇನ್ಮುಂದೆಯೂ ಹೀಗೇ ದೂರು ಕೊಡ್ತಾ ಇರಿ, ಎದುರಿಗೆ ಕೂತು ಹೇಳಿದ್ರೆ ನಂಗೆ ಕೋಪ ಬರುತ್ತೆ. ಹೇಗೂ ಅಂಗಡಿಗೆ ಹೋಗಿದ್ದೀರಲ್ಲ, ಹಾಲು ಮುಗಿದಿದೆ, ತಗೊಂಡು ಬನ್ನಿ.’