ನೆಲಮಟ್ಟದ ಕೋಣೆ

ಅಳಿಯ ಬಾಗಿಲಿನ ಅಗಲ ಅಳೆಯುತ್ತಿದ್ದ.

ಮೊದಲು ಗೇಣು ಹಾಕಿ, ಆಮೇಲೆ ಜೇಬಿನಿಂದ ಟೇಪು ತೆಗೆದು. ವೈನ್ ರುಚಿ ನೋಡಲು ಬಂದವನಿಗೆ ಕಂಡವರ ಮನೆಯ ಬಾಗಿಲಿನ ಅಳತೆ ಯಾಕೆ? ಕಾರಿನ ಹಿಂದಿನ ಸೀಟಿನಿಂದಲೇ ಸೆಕೊಂಡೊ ಎಲ್ಲವನ್ನೂ ನೋಡುತ್ತಿದ್ದ. ಟೊರಿನೊ ನಗರದ ಟ್ರಾಮ್ ಓಡಿಸಿ ನಿವೃತ್ತನಾದ ಮನುಷ್ಯ. ಟಿಕೆಟ್ ಇಲ್ಲದೆ ಹತ್ತಿದವನನ್ನು ಕನ್ನಡಿಯಲ್ಲಿ ಮುಖ ನೋಡಿಯೇ ಗುರುತು ಹಿಡಿಯುತ್ತಿದ್ದ. ಅಳಿಯ ಲೋರಿಸ್‌ನ ಮುಖ ಈಗ ಥೇಟ್ ಹಾಗೇ ಇತ್ತು.

ಹೊರಡುವ ಮೊದಲೇ ಸೆಕೊಂಡೊಗೆ ಏನೋ ಇದೆ ಎಂಬ ವಾಸನೆ ಬಡಿದಿತ್ತು. "ಅಪ್ಪಾ, ಶನಿವಾರ ಭಾನುವಾರ ಲಾಂಗೆ ಗುಡ್ಡಗಳ ಕಡೆ ಸುತ್ತಿಕೊಂಡು ಬರೋಣ" ಎಂದು ಮಗಳು ಓರ್ನೆಲ್ಲಾ ಫೋನಿನಲ್ಲಿ ಕರೆದಾಗ ಮಾತು ಉರು ಹೊಡೆದು ಒಪ್ಪಿಸಿದಂತಿತ್ತು. ಸಾಲದ್ದಕ್ಕೆ, ಕಾರು ಓಡಿಸುತ್ತಿದ್ದವನು ಅಳಿಯ. ಓರ್ನೆಲ್ಲಾಗೆ ಕಾರು ಕಲಿಸಿದವನು ಸೆಕೊಂಡೊನೇ. ಮದುವೆಯ ದಿನವೂ ಗಂಡನಿಗೆ ಸ್ಟೀರಿಂಗ್ ಬಿಟ್ಟುಕೊಡದವಳು ಈಗ ಹಿಂದೆ ಅಪ್ಪನ ಪಕ್ಕದಲ್ಲಿ, ಅವನ ತೋಳು ಹಿಡಿದು, ಕಾವಲಿಗೆ ಕೂತಂತೆ ಕೂತಿದ್ದಳು.

"ನೀನ್ಯಾಕೆ ಓಡಿಸ್ತಿಲ್ಲ?"

"ಸುಮ್ನೆ. ಕಿಟಕಿ ಆಚೆ ನೋಡ್ಬೇಕು ಅನ್ನಿಸ್ತು."

ಆಚೆ ದ್ರಾಕ್ಷಿ ಎಲೆಗಳು ಕೆಂಪಗೆ ಉರಿಯುತ್ತಿದ್ದವು. ಅವಳು ಮಾತ್ರ ತನ್ನ ಮಡಿಲನ್ನೇ ನೋಡುತ್ತಿದ್ದಳು.

ಲೋರಿಸ್ ಬಂದು ಕಾರು ಹತ್ತಿದ. "ವೈನ್ ಹೇಗಿತ್ತು?" ಎಂದು ಸೆಕೊಂಡೊ ಕೇಳಿದ.

"ವೈನಾ? ಹಾಂ... ಪರವಾಗಿಲ್ಲ ಮಾವ."

ಬಾಯಲ್ಲಿ ವೈನಿನ ವಾಸನೆಯೇ ಇರಲಿಲ್ಲ.

ನೆಯಿವೆ ಎಂಬ ಊರಿನಲ್ಲಿ ಊಟಕ್ಕೆ ಕೂತರು. ಬೆಣ್ಣೆಯಲ್ಲಿ ಹೊರಳಿಸಿದ ಸಣ್ಣ ಶಾವಿಗೆ ಬಂತು. ಜೊತೆಗೆ ವಿಚಾರಣೆಯೂ ಬಂತು.

"ಮಾವ, ಬೆನ್ನುನೋವು ಏನಾದ್ರೂ ಇದೆಯಾ?"

"ನನ್ನ ಹತ್ರ ಇಲ್ಲ. ಇದ್ದಿದ್ರೆ ನಿನಗೇ ಕೊಡ್ತಿದ್ದೆ."

"ರಾತ್ರಿ ಯಾರಾದ್ರೂ ಕರೆದ್ರೆ ಎಚ್ಚರ ಆಗುತ್ತಾ?"

"ಯಾರು ಕರೀಬೇಕಯ್ಯಾ? ಹೆಂಡತಿ ಸತ್ತು ಎಷ್ಟೋ ಕಾಲ ಆಯ್ತು. ನೀನೇನು ಕಾರ್ಖಾನೆ ಬಿಟ್ಟು ಡಾಕ್ಟರಿಕೆ ಶುರು ಹಚ್ಕೊಂಡ್ಯಾ?"

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಆ ನೋಟ ಸೆಕೊಂಡೊನ ಎದೆಗೆ ತಣ್ಣಗೆ ಇಳಿಯಿತು. ಅವನ ಜೊತೆ ಟ್ರಾಮ್ ಓಡಿಸಿದ್ದ ತಾರ್ಚೀಸಿಯೊನನ್ನೂ ಮಗ ಹೀಗೇ ಸಮುದ್ರ ತೋರಿಸುತ್ತೇನೆಂದು ಕರೆದೊಯ್ದಿದ್ದ. ಸಮುದ್ರ ತೋರಿಸಿದ್ದೂ ನಿಜವೇ, ವೃದ್ಧಾಶ್ರಮದ ಕಿಟಕಿಯಿಂದ. ಪಾಪದವನು ಮನೆಗೆ ಮರಳಲೇ ಇಲ್ಲ.

ಆಗಲಿ, ನಾನೆಷ್ಟು ಗಟ್ಟಿ ಅಂತ ತೋರಿಸುತ್ತೇನೆ ಎಂದುಕೊಂಡ ಸೆಕೊಂಡೊ.

ಬರೋಲೊ ಊರಿನ ಕಡಿದಾದ ಓಣಿಯಲ್ಲಿ ಹುಡುಗರನ್ನು ಹಿಂದೆ ಹಾಕುವ ಹಾಗೆ ಏರಿದ. ಓರ್ನೆಲ್ಲಾ ಕೆಳಗೆ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟಳು. "ನೀನು ಹತ್ತಪ್ಪಾ, ನಾನು ಇಲ್ಲಿಂದಲೇ ನೋಡ್ತೀನಿ." ಓಣಿಯ ತುದಿಯ ವೈನ್ ಅಂಗಡಿಯ ನೆಲಮಾಳಿಗೆಯಲ್ಲಿ ಲೋರಿಸ್ ವೈನ್ ತುಂಬಿದ, ಬಿಂದಿಗೆಯಷ್ಟು ದೊಡ್ಡ ಗಾಜಿನ ಬುಡ್ಡಿಯೊಂದನ್ನು ತೋರಿಸಿದ.

"ಇದು ಭಾರ ಮಾವ. ನಿಮ್ಮ ಕೈಲಿ ಎತ್ತೋಕಾಗುತ್ತಾ?"

ಸೆಕೊಂಡೊ ಅದನ್ನು ಮಗುವಿನ ಹಾಗೆ ಅವುಚಿಕೊಂಡು, ಓಣಿ ಇಳಿದು, ಕಾರಿನ ಡಿಕ್ಕಿಯಲ್ಲಿಟ್ಟ. ಸೊಂಟ ಚುರುಗುಟ್ಟಿತು, ತೋರಗೊಡಲಿಲ್ಲ. ತಿರುಗಿದರೆ ಮಗಳ ಕಣ್ಣಲ್ಲಿ ನೀರು. ಇವರ ಲೆಕ್ಕಾಚಾರ ತಲೆಕೆಳಗಾಯಿತಲ್ಲ, ಅಳಲಿ. ಅವನಿಗೆ ಒಳಗೊಳಗೇ ಖುಷಿಯಾಯಿತು. ಮರುಕ್ಷಣವೇ ಆ ಖುಷಿಗಾಗಿ ತನ್ನ ಮೇಲೇ ಅಸಹ್ಯವಾಯಿತು. ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೋ ನದಿಯ ದಂಡೆಯುದ್ದಕ್ಕೂ ಅಲೆದವನು ಅವನು.

ಭಾನುವಾರ ದೊಲ್ಯಾನಿಯ ಕೆಳಗೇರಿಯಲ್ಲಿ ಕಾರು ನಿಂತಿತು. ಇಲ್ಲಿ ಏರಿಲ್ಲ, ಮೆಟ್ಟಿಲಿಲ್ಲ. ಗುಲಾಬಿ ಬಣ್ಣದ ಮನೆ, ಎದುರಿಗೆ ಔಷಧಿ ಅಂಗಡಿ.

"ಮಾವ, ನೀವು ಆ ಮೂಲೇಲಿ ಕಾಫಿ ಕುಡೀತಿರಿ. ಈಗ ಬಂದ್ವಿ."

ಸೆಕೊಂಡೊ ಕಾಫಿಗೆ ಹೋಗಲಿಲ್ಲ. ಅಂಗಳ ಸುತ್ತಿ ಹಿಂದಿನ ಕಿಟಕಿಯ ಕೆಳಗೆ ನಿಂತ. ಮನೆಯೊಡತಿ ದೆಲ್ಫೀನಾಳ ದನಿ ಚೆನ್ನಾಗಿ ಕೇಳಿಸುತ್ತಿತ್ತು.

"ಮಂಚ ಈ ಗೋಡೆಗೆ ಹಾಕಬಹುದು. ಗಾಲಿಕುರ್ಚಿ ತಿರುಗೋಕೆ ಜಾಗ ಇದೆ. ನರ್ಸು ಆಗಾಗ ಬರ್ತಾಳೆ. ಆದ್ರೆ ದಿನಾ ಎತ್ತಿ ಕೂರಿಸೋಕೆ ಮನೇಲಿ ಒಬ್ರು ಬೇಕೇ ಬೇಕು."

"ಅದೇ ವಿಷಯ ಮಾವನ ಹತ್ರ ಇನ್ನೂ ಎತ್ತಿಲ್ಲ" ಎಂದ ಲೋರಿಸ್. "ಇವತ್ತಾದ್ರೂ ಹೇಳ್ಬೇಕು."

ಸೆಕೊಂಡೊ ಬಾಗಿಲು ದಬ್ಬಿಕೊಂಡು ಒಳಗೆ ನುಗ್ಗಿದ.

"ಏನೂ ಹೇಳೋದು ಬೇಡ! ಪ್ರಾಣ ಹೋದ್ರೂ ನಾನು ಈ ಕೋಣೇಲಿ ಮಲಗಲ್ಲ. ನಿನ್ನೆ ಆ ಬುಡ್ಡಿ ಎತ್ತಿದ್ದು ನೋಡಿದ್ರಲ್ಲ? ನನ್ನನ್ನ ಯಾರೂ ಎತ್ತಿ ಕೂರಿಸ್ಬೇಕಾಗಿಲ್ಲ!"

ದೆಲ್ಫೀನಾ ಬೆಪ್ಪಾಗಿ ನಿಂತಳು. ಲೋರಿಸ್ ತಲೆ ತಗ್ಗಿಸಿದ. ಕುರ್ಚಿಯಲ್ಲಿ ಕೂತಿದ್ದ ಓರ್ನೆಲ್ಲಾ ಏಳಲು ಹೋದಳು. ಎಡಗಾಲು ಮಾತು ಕೇಳಲಿಲ್ಲ. ಬೀಳುವ ಮೊದಲೇ ಗಂಡನ ತೋಳು ಅವಳ ಸೊಂಟ ಬಳಸಿತ್ತು, ಎಷ್ಟೋ ದಿನಗಳಿಂದ ರೂಢಿಯಾದವರ ಹಾಗೆ.

"ಅಪ್ಪಾ," ಎಂದಳು, "ಈ ಕೋಣೆ ನನಗೆ."

ಸೆಕೊಂಡೊ ಅವಳ ಎಡಗಾಲನ್ನು ನೋಡಿದ.

"ನರದ ಕಾಯಿಲೆಯಂತೆ. ಮುಂದಿನ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಎರಡೂ ಕಾಲು ಹೋಗಬಹುದು ಅಂದಿದ್ದಾರೆ. ನಮ್ಮ ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಇವರಿಗೆ ಇಲ್ಲಿನ ವೈನ್ ಕಾರ್ಖಾನೇಲಿ ಕೆಲಸ ಸಿಕ್ಕಿದೆ. ಬೆಳಿಗ್ಗೆ ಹೋದ್ರೆ ಬರೋದು ಸಂಜೆ."

"ಹಾಗಾದ್ರೆ ನನ್ನನ್ನ..." ಸೆಕೊಂಡೊ ಅವಳ ಹತ್ತಿರ ಬಂದ. "ನನ್ನನ್ನ ಯಾಕಮ್ಮಾ ಕರ್ಕೊಂಡು ಬಂದ್ರಿ?"

"ನನ್ನನ್ನ ಮತ್ತೆ ಎತ್ಕೊಳ್ತೀಯಾ ಅಂತ ಕೇಳೋಕೆ, ಅಪ್ಪಾ."